ಜಂಬ ಕಲಿತ ಬೇಸಿಗೆ

ಮೊನ್ನೆ ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಕಳಲೆ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಯಾವುದೋ ಕಂಪನಿಯ ವ್ಯಾನೊಂದು ಪಕ್ಕದಲ್ಲೇ ಬಂದು ನಿಂತಿತು. ಬಾಗಿಲು ಸರಿದದ್ದೇ ತಡ, ಆ ವಾಸನೆ ಮುಖಕ್ಕೆ ಬಡಿಯಿತು. ಹೊಸ ಬಟ್ಟೆಯ ಗಂಜಿ, ಮೆಷಿನ್ ಎಣ್ಣೆ, ಬೆಳಿಗ್ಗೆ ಮುಡಿದು ಸಂಜೆಗೆ ಬಾಡಿದ ಮಲ್ಲಿಗೆ, ಎಲ್ಲದರ ಜೊತೆಗೆ ಬೆವರು. ಹೆಂಗಸರು ದಡದಡನೆ ಇಳಿದು, ಟಿಫನ್ ಬ್ಯಾಗು ಕಂಕುಳಲ್ಲಿ ಅವುಚಿಕೊಂಡು ತಂತಮ್ಮ ಬಸ್ಸಿನ ಕಡೆ ಓಡಿದರು. ಗಾರ್ಮೆಂಟ್ಸಿನ ಹೆಂಗಸರು ನಿಧಾನವಾಗಿ ನಡೆಯುವುದನ್ನು ನಾನು ನೋಡಿಯೇ ಇಲ್ಲ. ಬೆನ್ನುನೋವೆಂದು ನಾನು ಆ ಕೆಲಸ ಬಿಟ್ಟು ಊರಲ್ಲೇ ರವಿಕೆ ಹೊಲಿಯಲು ಕೂತು ಎಷ್ಟೋ ದಿನವಾಯಿತು. ಆದರೂ ಆ ವಾಸನೆ ಮೂಗಿಗೆ ಬಿದ್ದ ಕೂಡಲೇ ನನ್ನ ಕಾಲುಗಳು ಓಡಲು ರೆಡಿಯಾಗಿಬಿಟ್ಟವು. ನನಗೇ ನಗು ಬಂತು. ಅಷ್ಟರಲ್ಲಿ ಆ ಬೇಸಿಗೆ ನೆನಪಾಯಿತು, ಆಮೇಲೆ ನಗಲು ಆಗಲಿಲ್ಲ.

ಆ ವರ್ಷ ಶಿವರಾತ್ರಿಗೆ ಮೊದಲೇ ಬಿಸಿಲು ಚುರುಗುಟ್ಟತೊಡಗಿತ್ತು. ನಮ್ಮ ಕಂಪನಿ ಇದ್ದದ್ದು ನಂಜನಗೂಡಿನ ಆಚೆ, ಇಂಡಸ್ಟ್ರಿಯಲ್ ಏರಿಯಾದ ಕೊನೆಯಲ್ಲಿ. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು, ನಮ್ಮ ಬಾಯಲ್ಲಿ ಮಾತ್ರ ಬರೀ ಕಂಪನಿ. ಫಾರಿನ್ನಿಗೆ ಹೋಗುವ ಶರ್ಟು ಹೊಲಿಯುತ್ತಿದ್ದೆವು. ಮೇಲೆ ತಗಡಿನ ಸೂರು, ಕೈಗೆಟುಕದ ಎತ್ತರದಲ್ಲಿ ಜಾಲರಿ ಹೊಡೆದ ಕಿಟಕಿ. ಬೆಳಿಗ್ಗೆ ಗೇಟು ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆಗೇ. ಲೈನಿಗೆ, ಅಂದರೆ ಮೆಷಿನ್ನುಗಳ ಒಂದು ಸಾಲಿಗೆ, ಒಂದೇ ಟೋಕನ್ನು. ಟಾಯ್ಲೆಟ್ಟಿಗೆ ಹೋಗಬೇಕಾದವಳು ಅದನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು, ಅವಳು ವಾಪಸ್ಸು ಬರುವವರೆಗೆ ಇನ್ನೊಬ್ಬಳು ಸೀಟು ಬಿಟ್ಟು ಏಳುವಂತಿಲ್ಲ. ಎಷ್ಟೋ ಜನ ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ಫ್ಯಾನುಗಳೇನೋ ಇದ್ದವು, ಬಿಸಿ ಗಾಳಿಯನ್ನೇ ತಿರುಗಿಸಿ ತಿರುಗಿಸಿ ನಮ್ಮ ಮೇಲೆ ಹಾಕುತ್ತಿದ್ದವು.

ನನ್ನ ಕೆಲಸ ಶರ್ಟಿಗೆ ಕಾಲರ್ ಕೂರಿಸುವುದು. ನನ್ನ ಮುಂದಿನ ಮೆಷಿನ್ನಿನಲ್ಲಿ ಮಂಗಳಕ್ಕ. ಟಿ. ನರಸೀಪುರದ ಕಡೆಯವಳು, ಮುಡುಕುತೊರೆ ಅವಳ ಊರು. ಬೆಳಕು ಹರಿಯುವ ಮೊದಲೇ ಮನೆ ಬಿಟ್ಟು, ಬಸ್ಸು ಬದಲಾಯಿಸಿ, ಸೈರನ್ ಕೂಗುವ ಹೊತ್ತಿಗೆ ಏದುಸಿರು ಬಿಡುತ್ತಾ ಬಂದು ಕೂರುವಳು. ನನಗೆ ಕಾಲರ್ ಹಾಕುವುದನ್ನು ಹೇಳಿಕೊಟ್ಟವಳು ಅವಳೇ. ಬಾಯಿ ಜೋರಾದರೂ ಮನಸ್ಸು ಬೆಣ್ಣೆ ಅನ್ನುತ್ತಾರಲ್ಲ, ಮಂಗಳಕ್ಕ ಆ ಪೈಕಿಯಲ್ಲ. ಅವಳ ಬಾಯಿಯೂ ಜೋರು, ಮನಸ್ಸೂ ಗಟ್ಟಿ. ನಾನು ಸೊಟ್ಟ ಹೊಲಿದರೆ ತಿರುಗಿ ಕೂಡಾ ನೋಡದೆ, 'ರತ್ನಾ, ಬಿಚ್ಚು' ಅನ್ನುತ್ತಿದ್ದಳು. ಮೆಷಿನ್ನಿನ ಸದ್ದು ಕೇಳಿಯೇ ಅವಳಿಗೆ ಗೊತ್ತಾಗುತ್ತಿತ್ತೋ ಏನೋ.

ನನ್ನ ಗಂಡ ತೀರಿಕೊಂಡು ಆಗ್ಗೆ ಎರಡು ವರ್ಷ. ಮಗಳು ಪಲ್ಲವಿಯನ್ನು ಕಟ್ಟಿಕೊಂಡು ಕಳಲೆಯಲ್ಲಿ ಗಂಡನ ಅಣ್ಣನ ಜೊತೆ ಇದ್ದೆ. ಗಂಡನ ಮನೆ ಅನ್ನಬೇಕು, ಆದರೆ ಗಂಡನೇ ಹೋದ ಮೇಲೆ ಅದು ಬಾವನ ಮನೆ. ಗದ್ದೆ, ಹಸು, ಡೈರಿಗೆ ಹಾಕುವಷ್ಟು ಹಾಲು, ಊರಲ್ಲಿ ಮರ್ಯಾದೆ, ಯಾವುದಕ್ಕೂ ಕೊರತೆಯಿರಲಿಲ್ಲ. ಬಾವ ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ದಿನ ಗದರಿದವರಲ್ಲ, ಕೈ ಎತ್ತಿದವರಲ್ಲ. ನನ್ನ ಸಂಬಳ ಬೀಳುವ ಬ್ಯಾಂಕಿನ ಕಾರ್ಡು ಮಾತ್ರ ಅವರ ಜೇಬಿನಲ್ಲಿ. ಮಗಳಿಗೊಂದು ಬಿಸ್ಕತ್ ಪೊಟ್ಟಣ, ನನಗೊಂದು ತಲೆನೋವಿನ ಮಾತ್ರೆ, ಏನು ಬೇಕಾದರೂ ಅವರನ್ನೇ ಕೇಳಬೇಕು. ಕೇಳಿದರೆ ಇಲ್ಲವೆನ್ನುತ್ತಿರಲಿಲ್ಲ, ನಗುನಗುತ್ತಲೇ ಕೊಡುತ್ತಿದ್ದರು. 'ನಮ್ಮನೇಲಿ ನಿಂಗೇನವ್ವ ಕಮ್ಮಿ ಆಗದೆ?' ಅಂತ ಕೇಳುತ್ತಿದ್ದರು. ಏನು ಕಮ್ಮಿಯಾಗಿದೆ ಎಂದು ಬೆರಳು ಮಡಿಸಿ ತೋರಿಸಲು ನನಗೆ ಬರುತ್ತಿರಲಿಲ್ಲ. ಅದಕ್ಕೇ ನನಗೆ ಉಸಿರು ಕಟ್ಟುತ್ತಿತ್ತು. ಹೊಡೆಯುವ ಮನೆಯಿಂದ ಎದ್ದು ಬಂದರೆ ಊರು ಅಯ್ಯೋ ಅನ್ನುತ್ತದೆ, ನಗುವ ಮನೆಯಿಂದ ಎದ್ದು ಬಂದರೆ ಉಗಿಯುತ್ತದೆ. ನೆಂಟರ ಮುಂದೆ ನಾನು 'ಕಂಪನಿ ಆಫೀಸಲ್ಲಿ' ಇರುವವಳು. ಗೌಡರ ಮನೆಯ ಸೊಸೆ ಗಾರ್ಮೆಂಟ್ಸಿಗೆ ಹೋಗುತ್ತಾಳೆಂದರೆ ಮನೆಯ ಮರ್ಯಾದೆ ಹೋಗುತ್ತದಂತೆ. ಅವಳ ಸಂಬಳ ಮನೆಗೆ ಬಂದರೆ ಹೋಗುವುದಿಲ್ಲ.

ಅಂಥದ್ದರಲ್ಲಿ ಯಾರಿಗೂ ಹೇಳದೆ ನಾನೊಂದು ರೂಮು ನೋಡಿಬಿಟ್ಟಿದ್ದೆ. ನಂಜನಗೂಡಿನಲ್ಲಿ, ದೇವಸ್ಥಾನದ ಹಿಂದಿನ ಬೀದಿಯಲ್ಲಿ. ಮನೆಯ ಯಜಮಾನಿ ಪಾರ್ವತಮ್ಮನವರು, ಅವರ ಗಂಡ ದೇವಸ್ಥಾನದ ಅಡುಗೆ ಮನೆಯಲ್ಲಿ ಕೆಲಸಕ್ಕಿದ್ದು ತೀರಿಕೊಂಡವರು. ಒಂದೇ ಕೋಣೆ. ಹೊರಗೆ ನಲ್ಲಿ, ಒಳಗೆ ಸ್ಟವ್ ಇಡಲು ಒಂದು ಕಟ್ಟೆ, ಬಾಗಿಲಿಗೆ ಒಳಗಡೆಯಿಂದ ಚಿಲಕ. ಆ ಚಿಲಕವನ್ನು ನಾನು ಹಾಕಿ ತೆಗೆದು, ಮತ್ತೆ ಹಾಕಿ ನೋಡಿದೆ. ಸ್ಕೂಲು ಎರಡು ಬೀದಿಯಾಚೆ, ಕಂಪನಿ ವ್ಯಾನು ಮೂಲೆಯಲ್ಲೇ ನಿಲ್ಲುತ್ತದೆ. ನನ್ನ ಮುಖ ನೋಡಿ ಪಾರ್ವತಮ್ಮನವರಿಗೆ ಏನನ್ನಿಸಿತೋ, 'ಸ್ಕೂಲು ಶುರುವಾಗೋವರೆಗೆ ಯಾರಿಗೂ ಕೊಡೋದಿಲ್ಲ ಕಣಮ್ಮ. ಆಮೇಲೆ ನಾನೂ ಬದುಕಬೇಕಲ್ಲ, ಅಡ್ವಾನ್ಸ್ ತಂದವರಿಗೆ ಕೊಟ್ಟುಬಿಡ್ತೀನಿ' ಅಂದರು. ನನಗೆ ಬರುತ್ತಿದ್ದ ಸಂಬಳದಲ್ಲಿ ಅಡ್ವಾನ್ಸ್ ಇರಲಿ, ಬಾಡಿಗೆ ಕೊಟ್ಟು ಇಬ್ಬರು ಉಣ್ಣುವುದೂ ಆಗುತ್ತಿರಲಿಲ್ಲ.

ಆದರೆ ಸರ್ಕಾರ ಗಾರ್ಮೆಂಟ್ಸಿನವರ ಕನಿಷ್ಠ ಕೂಲಿಯನ್ನು ಹೊಸದಾಗಿ ಗೊತ್ತು ಮಾಡಿದೆಯೆಂದು ಆಗಷ್ಟೇ ಸುದ್ದಿ ಬಂದಿತ್ತು. ಅದರಲ್ಲಿ ಹೊಲಿಗೆ ಬಲ್ಲ ಟೈಲರಿಗೆ ಒಂದು ರೇಟು, ಕೆಲಸ ಕಲಿಯುತ್ತಿರುವ ಟ್ರೈನಿಗೆ ಒಂದು ರೇಟು. ಟೈಲರ್ ರೇಟು ಸಿಕ್ಕರೆ ರೂಮು ನನ್ನದು, ಲೆಕ್ಕ ಇಷ್ಟೇ. ಕಂಪನಿಯ ಪ್ರಕಾರ ನಮ್ಮ ಲೈನಿನಲ್ಲಿ ಮುಕ್ಕಾಲು ಪಾಲು ಜನ ಟ್ರೈನಿಗಳು. ಅದು ಹೇಗೆಂದರೆ, ನಮ್ಮಲ್ಲಿ ಯಾರ ಮನೆಯಲ್ಲಾದರೂ ಆಸ್ಪತ್ರೆ, ಮದುವೆ, ಮನೆ ರಿಪೇರಿ ಬಂದರೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಪಿಎಫ್ ದುಡ್ಡು ಬಿಡಿಸಿಕೊಳ್ಳುವುದು, ಆಮೇಲೆ ಅದೇ ಗೇಟಿನಲ್ಲಿ ಹೊಸಬಳಂತೆ ಸೇರುವುದು. ಕಂಪನಿಗೂ ಅದೇ ಬೇಕಿತ್ತು. ಮಂಗಳಕ್ಕ ಮಗಳ ಮದುವೆಗೆ ಬಿಟ್ಟು ಸೇರಿದ್ದಳು. ನಾನು ಗಂಡನ ಆಸ್ಪತ್ರೆಗೆ ಬಿಟ್ಟು ಸೇರಿದ್ದೆ. ನಾವು ಕಲಿಸಿಕೊಟ್ಟ ಹುಡುಗಿಯರು ಟೈಲರುಗಳು, ನಾವು ಟ್ರೈನಿಗಳು.

ಯುಗಾದಿಗೆ ಮುಂಚೆ ಲೇಬರ್ ಇಲಾಖೆಯ ಸಾಹೇಬರು ಬಂದರು. ಯಾರು ಏನು ಕೆಲಸ ಮಾಡುತ್ತಾರೆಂದು ಅವರೇ ಲೈನಿನಲ್ಲಿ ನಿಂತು ಕೇಳುತ್ತಾರಂತೆ ಎಂದು ವಾರದಿಂದ ಗುಸುಗುಸು ನಡೆದಿತ್ತು. ಸರಿಯಾಗಿ ಜಗಳವಾಡಬೇಕೆಂದು ಮಂಗಳಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಕಾದಿದ್ದಳು. ಬಂದವರನ್ನು ನೋಡಿದರೆ ವಯಸ್ಸಾದ ಮನುಷ್ಯ, ಬೆಳ್ಳಗಿನ ಕೂದಲು, ಮೇಷ್ಟ್ರ ದನಿ. ಬಂದವರೇ ಮೊದಲು ಕೇಳಿದ್ದು, 'ಎಲ್ಲರದೂ ಊಟ ಆಯ್ತೇನಮ್ಮ?' ಅಂತ. ಕಂಪನಿಯೊಳಗೆ ಆ ಮಾತನ್ನು ನಮಗೆ ಯಾರೂ ಕೇಳಿದ್ದಿಲ್ಲ. ಮಂಗಳಕ್ಕ ಸಿಕ್ಕಿಸಿದ್ದ ಸೆರಗನ್ನು ಮೆಲ್ಲಗೆ ಬಿಚ್ಚಿ ಭುಜದ ಮೇಲೆ ಹೊದ್ದುಕೊಂಡಳು.

'ಕೆಲಸ ಚೆನ್ನಾಗಿ ಬರುತ್ತಾ ತಾಯಿ?' ಎಂದು ಅವರು ಅವಳನ್ನು ಕೇಳಿದರು.

ಮಂಗಳಕ್ಕ ತಲೆ ತಗ್ಗಿಸಿ, 'ಏನೋ ಸಾ, ಇನ್ನೂ ಕಲೀತಾ ಇವ್ನಿ' ಅಂದಳು.

ಅವರು ನನ್ನ ಕಡೆ ತಿರುಗಿದರು. ನನ್ನ ಬಾಯಲ್ಲೂ ಅದೇ ಬಂತು. ನನ್ನ ಹಿಂದಿನವಳ ಬಾಯಲ್ಲೂ ಅದೇ. ಲೈನಿನ ಕೊನೆಯವರೆಗೂ ಮಕ್ಕಳು ಮಗ್ಗಿ ಒಪ್ಪಿಸಿದಂತೆ, 'ಕಲೀತಾ ಇವ್ನಿ ಸಾ', 'ಕಲೀತಾ ಇದೀನಿ ಸಾ.' ನಮ್ಮ ಕಡೆ ಮತ್ತಿನ್ನೇನು ಹೇಳುತ್ತಾರೆ? ಹಬ್ಬಕ್ಕೆ ಬಂದ ಹಿರಿಯರು, ಅಡುಗೆ ಚೆನ್ನಾಗಿ ಮಾಡ್ತೀಯಂತಲ್ಲವ್ವ ಅಂದರೆ, ಹೌದು ಮಾಡ್ತೀನಿ ಅಂತ ಯಾವ ಹೆಣ್ಣಾದರೂ ಹೇಳುತ್ತಾಳೆಯೇ? ಜಂಬದ ಕೋಳಿ ಅನ್ನಿಸಿಕೊಳ್ಳುತ್ತಾಳೆ. ಸಾಹೇಬರು ಗದರಿ ಕೇಳಿದ್ದರೆ ಮಂಗಳಕ್ಕ ಗದರಿಯೇ ನಿಜ ಹೇಳುತ್ತಿದ್ದಳು. ಅವರು ಒಳ್ಳೆಯವರಾದದ್ದೇ ನಮ್ಮ ಗ್ರಹಚಾರ. ಅವರ ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರ್ ಮುಖ ನೋಡಬೇಕಿತ್ತು. ನಗು ತಡೆದು ತಡೆದು ಕಿವಿಯೆಲ್ಲ ಕೆಂಪಾಗಿತ್ತು.

ನಾವು ಏನು ಮಾಡಿಕೊಂಡೆವೆಂದು ಗೊತ್ತಾದದ್ದು ಮುಂದಿನ ಸಂಬಳಕ್ಕೆ. ಟ್ರೈನಿಯ ಸಂಬಳವೇ ಬಂತು. ಮಂಗಳಕ್ಕ ಸೂಪರ್‌ವೈಸರ್ ಶಿವುವನ್ನು ಹಿಡಿದು ಕೇಳಿದಳು. ಶಿವು ಹುಲ್ಲಹಳ್ಳಿ ಕಡೆಯ ಹುಡುಗ, ಗೇಟಿನಾಚೆ ಅಕ್ಕಾ ಅನ್ನುವವನು, ಗೇಟಿನೊಳಗೆ ಏಯ್ ಅನ್ನುವವನು.

'ನನ್ನೇನ್ ಕೇಳ್ತೀಯಕ್ಕ?' ಅಂದ. 'ಕಲೀತಾ ಇವ್ನಿ ಅಂತ ಸಾಹೇಬ್ರ ಮುಂದೆ ನೀವೇ ಬಾಯ್ಬುಟ್ಟು ಯೇಳುದ್ರಿ. ಕಲಿಯೋರ್ಗೆ ಟೈಲರ್ ಸಂಬ್ಳ ಕೊಟ್ಟಾರಾ?'

ಮಂಗಳಕ್ಕ ತಿರುಗಿ ಬಂದು ಮೆಷಿನ್ ಮುಂದೆ ಕೂತಳು. ಮಧ್ಯಾಹ್ನ ಅವಳು ಮುದ್ದೆ ಮುರಿಯಲಿಲ್ಲ. ನನ್ನ ಕಣ್ಣ ಮುಂದೆ ಆ ರೂಮಿನ ಬಾಗಿಲು ಬೇರೆ ಯಾರೋ ಒಳಗಿನಿಂದ ಚಿಲಕ ಹಾಕಿಕೊಂಡ ಹಾಗೆ ಕಾಣುತ್ತಿತ್ತು. ಸಿಟ್ಟನ್ನು ಯಾರ ಮೇಲೆ ತೋರಿಸಬೇಕೆಂದೇ ಗೊತ್ತಾಗಲಿಲ್ಲ. ಸಾಹೇಬರು ಸುಳ್ಳು ಬರೆದಿರಲಿಲ್ಲ, ನಾವು ಹೇಳಿದ್ದನ್ನೇ ಬರೆದಿದ್ದರು.

ಮೈಸೂರಿನ ಲೇಬರ್ ಆಫೀಸಿಗೆ ಹೋಗೋಣ ಅಂದವಳು ನಾನೇ. ಅನ್ನುವುದು ಸುಲಭ. ಮನೆಯಿಂದ ಕಂಪನಿಗೆ ಬಿಟ್ಟು ಬೇರೆ ಕಡೆ ಹೊರಡಬೇಕೆಂದರೆ ಯಾಕೆ, ಯಾರ ಜೊತೆ, ಎಷ್ಟೊತ್ತಿಗೆ ಬರ್ತೀಯ ಎಂದು ಕೇಳುವವರಿದ್ದರು. ಕಂಪನಿಯಲ್ಲಿ ರಜೆ ಕೇಳಿದರೆ ಅಲ್ಲಿಯೂ ಅವೇ ಪ್ರಶ್ನೆಗಳು. ಕೊನೆಗೆ ಒಂದು ದಿನ ಎಂದಿನಂತೆ ಟಿಫನ್ ಬ್ಯಾಗು ಹಿಡಿದು ವ್ಯಾನು ಹತ್ತಿ, ನಂಜನಗೂಡಿನಲ್ಲಿ ಹೊಟ್ಟೆನೋವೆಂದು ಇಳಿದುಬಿಟ್ಟೆ. ಮಂಗಳಕ್ಕ ಕಾದಿದ್ದಳು. ಮೈಸೂರು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕಪಿಲೆಯ ಸೇತುವೆ ದಾಟುವಾಗ ಗಾಳಿ ಬೀಸಿತು. ಕೆಲಸದ ದಿನ, ಆ ಹೊತ್ತಿನಲ್ಲಿ, ನಾನು ಬಿಸಿಲಿನ ಬಣ್ಣ ನೋಡಿ ಎಷ್ಟು ಕಾಲವಾಗಿತ್ತೋ. ಯಾರಾದರೂ ಊರಿನವರು ನೋಡಿಬಿಟ್ಟರೆ ಎಂದು ಮಂಗಳಕ್ಕನ ಹೆಗಲ ಹಿಂದೆ ಮುಖ ಮುಚ್ಚಿಕೊಂಡೆ.

ಸಾಹೇಬರು ನಮ್ಮನ್ನು ಗುರುತು ಹಿಡಿದರು. ಫೈಲು ತೆಗೆಸಿ ನೋಡಿ, 'ನೀವೇ ಹೇಳಿದ್ದಲ್ವೇನಮ್ಮ ಇದು? ನಾನಾಗಿ ಬರ್ಕೊಂಡಿದ್ದಲ್ಲ' ಅಂದರು.

'ದೊಡ್ಡೋರ್ ಮುಂದೆ ಬತ್ತದೆ ಅಂತ ಎಂಗ್ ಯೇಳದು ಸಾ?' ಎಂದಳು ಮಂಗಳಕ್ಕ. 'ಜಂಬ ಆಗಾಕಿಲ್ವಾ?'

ಸಾಹೇಬರು ನಕ್ಕುಬಿಟ್ಟರು. ಪಕ್ಕದ ಮೇಜಿನ ಗುಮಾಸ್ತನೂ ನಕ್ಕ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ನಗು ಮುಗಿದ ಮೇಲೆ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. 'ನಮ್ಮಮ್ಮನೂ ಹೀಗೇ ಹೇಳೋರು' ಅಂದರು. 'ಊರಿಗೆಲ್ಲ ಹೆರಿಗೆ ಮಾಡಿಸ್ತಿದ್ದರು. ಯಾರು ಕೇಳಿದರೂ, ನಂಗೇನ್ ಗೊತ್ತಪ್ಪ, ಏನೋ ನೋಡ್ತೀನಿ ಅನ್ನೋರು.' ಮತ್ತೆ ಬರುತ್ತೇನೆ, ಯಾವತ್ತೆಂದು ಹೇಳುವಂತಿಲ್ಲ ಎಂದರು. ನಾವು ಬಾಗಿಲ ತನಕ ಬಂದಾಗ ಹಿಂದಿನಿಂದ ಕೂಗಿ, 'ಅವತ್ತು ಮಾತ್ರ ಜಂಬ ಮಾಡಬೇಕು ನೋಡಿ' ಅಂದರು.

ಜಂಬ ಮಾಡುವುದೇನು ಸುಮ್ಮನೆಯೇ? ಮಾರನೆಯ ದಿನದಿಂದ ಊಟದ ಹೊತ್ತಿನಲ್ಲಿ ಅದೇ ಪ್ರಾಕ್ಟೀಸು. ಕ್ಯಾಂಟೀನಿನ ಮೂಲೆಯಲ್ಲಿ ಗುಂಪಾಗಿ ಕೂತು ಒಬ್ಬೊಬ್ಬರಾಗಿ, 'ನಂಗೆ ಬತ್ತದೆ' ಅನ್ನಬೇಕು. ಅನ್ನಲು ಹೊರಟರೆ ನಗು. ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅನ್ನುವಳು, ಇನ್ನೊಬ್ಬಳು ಅಂದು ಕೆನ್ನೆಗೆ ಬಡಿದುಕೊಳ್ಳುವಳು. 'ಲೇ, ದೇವ್ರುಗ್ ಕೈ ಮುಗಿಯೋ ಅಂಗೆ ಯೇಳ್ಬ್ಯಾಡ್ರೇ, ಅತ್ತೇಗ್ ಎದುರ್ ಮಾತಾಡೋ ಅಂಗೆ ಯೇಳ್ರೇ' ಎಂದು ಮಂಗಳಕ್ಕ ಬೈಯುತ್ತಿದ್ದಳು. ಆ ಸುಡುಬಿಸಿಲಿನಲ್ಲಿ, ಆ ತಗಡಿನ ಕೆಳಗೆ, ನಾವು ಅಷ್ಟು ನಕ್ಕದ್ದು ಆ ಒಂದು ತಿಂಗಳು ಮಾತ್ರ. ಸಂಜೆ ಮನೆಗೆ ಬಂದು ಬಾವನ ಮುಂದೆ ಕಾಫಿ ಲೋಟ ಇಡುವಾಗ ಮನಸ್ಸಿನೊಳಗೇ ಹೇಳಿಕೊಳ್ಳುತ್ತಿದ್ದೆ, ನಂಗೆ ಬತ್ತದೆ, ನಂಗೆ ಬತ್ತದೆ. ಅಲ್ಲಿ ಜೋರಾಗಿ ಹೇಳಲು ಧೈರ್ಯವಿರಲಿಲ್ಲ.

ಸಾಹೇಬರು ಎರಡನೆಯ ಸಲ ಬಂದದ್ದು ಏಪ್ರಿಲ್ಲಿನ ಬಿಸಿಲಿನಲ್ಲಿ, ಹೇಳದೆ ಕೇಳದೆ. ಮ್ಯಾನೇಜರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಅವರ ಹಿಂದೆ ಓಡಿ ಬಂದ. ಮೆಷಿನ್ನುಗಳು ನಿಂತವು. ಅದೇ ಪ್ರಶ್ನೆ, ಅದೇ ಮೇಷ್ಟ್ರ ದನಿ. ಮಂಗಳಕ್ಕ ಎದ್ದು ನಿಂತಳು. ಅಷ್ಟು ಪ್ರಾಕ್ಟೀಸು ಮಾಡಿಸಿದವಳು ನೆಲ ನೋಡುತ್ತಾ ನಿಂತೇಬಿಟ್ಟಳು. ಅವಳ ಬೆನ್ನಿನ ರವಿಕೆ ಬೆವರಿನಲ್ಲಿ ನೆನೆದು ಅಂಟಿಕೊಂಡದ್ದು ನನಗೆ ಕಾಣುತ್ತಿತ್ತು. ಕೆಟ್ಟಿತು ಕೆಲಸ ಅಂದುಕೊಂಡೆ.

'ಬತ್ತದೆ ಸಾ' ಅಂದಳು. ಆಮೇಲೆ ತಲೆ ಎತ್ತಿದಳು. 'ಕಾಲರು, ಕಫ್ಫು, ಜೇಬು, ಯಾವ್ದ್ ಕೊಟ್ರೂ ಬತ್ತದೆ. ಈ ಲೈನಲ್ಲಿ ಅರ್ಧ ಜನುಕ್ಕೆ ನಾನೇ ಕಲ್ಸಿರದು.'

ನನ್ನ ಸರದಿ. ಕಿವಿ ಬಿಸಿಯಾಗಿತ್ತು. 'ನಂಗೂ ಬತ್ತದೆ ಸಾ, ಚೆನ್ನಾಗೇ ಬತ್ತದೆ' ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಹಿಂದಿನಿಂದ ಯಾವಳೋ, 'ನಂಗೆ ಇವ್ರಿಬ್ರಿಗಿಂತ ಚೆನ್ನಾಗ್ ಬತ್ತದೆ ಸಾ!' ಎಂದು ಕಿರುಚಿದಳು. ಲೈನಿಗೆ ಲೈನೇ ನಕ್ಕಿತು. ಸಾಹೇಬರೂ ತಲೆ ಬಗ್ಗಿಸಿ ಬರೆಯುತ್ತಾ ನಗುತ್ತಿದ್ದರು. ಮ್ಯಾನೇಜರ್ ಒಬ್ಬ ನಗಲಿಲ್ಲ.

ಆರ್ಡರು ಬಂತು. ನಮ್ಮನ್ನು ಟೈಲರುಗಳೆಂದು ಸೇರಿಸಬೇಕು, ಹೊಸ ಕೂಲಿ ಜಾರಿಗೆ ಬಂದ ದಿನದಿಂದ ಬಾಕಿಯನ್ನೂ ಒಟ್ಟಿಗೆ ಕೊಡಬೇಕು ಅಂತ. ಕಂಪನಿಯೇನು ಬಿಟ್ಟೀತೇ? ಮಾರನೆಯ ದಿನವೇ ಟಾರ್ಗೆಟ್ ಬೋರ್ಡಿನ ಮೇಲಿನ ನಂಬರು ಏರಿತು. ಟ್ರೈನಿಗಳಿಗೊಂದು ಟಾರ್ಗೆಟ್, ಟೈಲರುಗಳಿಗೊಂದು ಟಾರ್ಗೆಟ್ ಅಂದರು. ಶಿವು, 'ಬತ್ತದೆ ಬತ್ತದೆ ಅಂದ್ರಲ್ಲ, ಒಲೀರಿ ಈಗ' ಎಂದು ತಲೆಯ ಮೇಲೇ ನಿಂತಿರುತ್ತಿದ್ದ. ಊಟಕ್ಕೆ ಎದ್ದರೆ ಮೆಷಿನ್ ಪಕ್ಕ ಹೊಲಿಯದ ಶರ್ಟಿನ ಗುಡ್ಡೆ ಬೀಳುತ್ತಿತ್ತು, ಏಳದಿದ್ದರೂ ಗುಡ್ಡೆ ಬೀಳುತ್ತಿತ್ತು. ಮಂಗಳಕ್ಕನ ಕಾಲು ಊದಿಕೊಂಡಿತು. 'ಇದ್ಕಾ ನಾವ್ ಅಷ್ಟ್ ಜಂಬ ಮಾಡುದ್ದು?' ಎಂದು ಒಂದು ದಿನ ಕೇಳಿದಳು. ನನಗೆ ಟಾರ್ಗೆಟ್ ಎಷ್ಟಾದರೂ ಆಗಲಿ, ಬೆನ್ನು ಬಿದ್ದೇ ಹೋಗಲಿ, ಆ ಚಿಲಕದ ಒಳಗೆ ಮಗಳನ್ನು ಮಲಗಿಸಿಕೊಂಡರೆ ಸಾಕಾಗಿತ್ತು.

ಅದಕ್ಕೊಂದು ಉಪಾಯವನ್ನೂ ಮಾಡಿಟ್ಟುಕೊಂಡಿದ್ದೆ. ಬಾವನಿಗೆ ನನ್ನ ಸಂಬಳ ಎಷ್ಟೆಂದು ಬಾಯಿಪಾಠವಾಗಿತ್ತು. ತಿಂಗಳು ತಿಂಗಳು ಕಾರ್ಡು ಹಾಕಿ ಅಷ್ಟನ್ನೇ ತೆಗೆಯುತ್ತಿದ್ದರು. ಈ ಸಲವೂ ಅಷ್ಟನ್ನೇ ತೆಗೆಯುತ್ತಾರೆ, ಜಾಸ್ತಿ ಬಂದದ್ದೂ ಬಾಕಿಯೂ ಸದ್ದಿಲ್ಲದೆ ಬ್ಯಾಂಕಿನಲ್ಲೇ ಉಳಿದಿರುತ್ತದೆ. ಪಾಸ್‌ಬುಕ್ಕು ನನ್ನ ಟ್ರಂಕಿನಲ್ಲಿತ್ತು. ಸ್ಕೂಲು ತೆರೆಯುವ ಮೊದಲು ಅದನ್ನು ಹಿಡಿದು ನಾನೇ ಬ್ಯಾಂಕಿಗೆ ಹೋಗಿ, ಅಲ್ಲಿಂದ ನೇರ ಪಾರ್ವತಮ್ಮನವರ ಮನೆಗೆ. ಈ ಉಪಾಯವನ್ನು ಹೇಳಿದಾಗ ಮಂಗಳಕ್ಕನಂಥ ಮಂಗಳಕ್ಕ, 'ಅಲಲಾ, ನೀನೂ ಘಾಟೀನೇ ಬುಡು' ಎಂದು ಬೆನ್ನು ತಟ್ಟಿದಳು. ಪಾರ್ವತಮ್ಮನವರಿಗೂ ಹೇಳಿ ಕಳಿಸಿದೆ. ಅವರು ರೂಮಿಗೆ ಸುಣ್ಣ ಹೊಡೆಸಿದರಂತೆ.

ಮೇ ಕೊನೆಗೆ ಸಂಬಳವಾಯಿತು. ಅವತ್ತು ಸಂಜೆ ಮೊದಲ ಮಳೆ ಬಂದು ನಿಂತಿತ್ತು. ವ್ಯಾನಿನಿಂದ ಇಳಿದರೆ ಊರೆಲ್ಲ ಮಣ್ಣಿನ ಘಮ. ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿನಲ್ಲಿ ನಡೆಯುತ್ತಾ ಬಂದೆ, ಬಹಳ ದಿನದ ಮೇಲೆ ಅವಸರವಿಲ್ಲದೆ. ಜಗಲಿಯ ಮೇಲೆ ಬಾವ ಕೂತಿದ್ದರು. ಪಕ್ಕದ ಮನೆ ಗೌರಕ್ಕ, ಡೈರಿಯ ಸೆಕ್ರೆಟರಿ, ಇನ್ನೂ ಒಂದಿಬ್ಬರು ಕೂತಿದ್ದರು.

'ಬಾ ಕಣವ್ವ' ಅಂದರು ಬಾವ. 'ಸಂಬ್ಳ ಜಾಸ್ತಿ ಆಗದಲ್ಲ, ಬಾಕೀನೂ ಬಂದದೆ. ಬೆಳಿಗ್ಗೇನೆ ಫೋನಿಗ್ ಮೆಸೇಜ್ ಬಂತು. ಒಂದ್ ಮಾತೂ ಯೇಳ್ಲಿಲ್ವಲ್ಲ ನೀನು?'

ಖಾತೆ ತೆರೆಯುವಾಗ ನನ್ನ ಹತ್ತಿರ ಫೋನಿರಲಿಲ್ಲ. ಫಾರಮ್ಮಿನಲ್ಲಿ ಬಾವನ ನಂಬರು ಕೊಟ್ಟಿದ್ದೆ. ಅದು ನನಗೆ ಹೊಳೆದೇ ಇರಲಿಲ್ಲ. ನಾನು ಮೆಟ್ಟಿಲ ಕೆಳಗೆ ಕೆಸರುಗಾಲಿನಲ್ಲಿ ನಿಂತಿದ್ದೆ.

'ಮಗೀನ ಕಾನ್ವೆಂಟಿಗ್ ಸೇರ್ಸ್ಬುಟ್ಟೆ ಕಣವ್ವ' ಅಂದರು. 'ವರ್ಷದ್ ಫೀಸು, ವ್ಯಾನು, ಬಟ್ಟೆ, ಎಲ್ಲಾ ಆ ದುಡ್ಡಲ್ಲೇ ಒಂದೇ ಕಿತ ಕಟ್ಬುಟ್ಟಿದ್ದೀನಿ. ಮನೆ ಬಾಗ್ಲುಗೇ ವ್ಯಾನ್ ಬತ್ತದೆ. ತಂದೆ ಇಲ್ದೆ ಇರೋ ಮಗು, ಯಾವ್ದೋ ಸ್ಕೂಲ್‌ಗ್ ಯಾಕ್ ಓಗ್ಬೇಕು? ನೀನಿನ್ನ ಏನೂ ಯೋಚ್ನೆ ಮಾಡ್ಬ್ಯಾಡ.'

ಅವರು ನಗುತ್ತಿದ್ದರು. ಅವರಿಗೆ ರೂಮಿನ ವಿಷಯ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. 'ಇಂಥಾ ಬಾವ ಯಾರ್ಗ್ ಸಿಕ್ತಾರೆ ಯೇಳು' ಎಂದು ಗೌರಕ್ಕ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಪಲ್ಲವಿ ಓಡಿ ಬಂದಳು, ಮೈಮೇಲೆ ಹೊಸ ಯೂನಿಫಾರಮ್ಮು. ಜಗಲಿಯ ತುಂಬ ಒಂದು ಸುತ್ತು ತಿರುಗಿ ತೋರಿಸಿದಳು. ಕಾಲರ್ ಒಂದು ಕಡೆ ಮೇಲಕ್ಕೆದ್ದಿತ್ತು, ಯಾರೋ ಅವಸರದಲ್ಲಿ ಹೊಲಿದಿದ್ದರು. ಅವಳು ಅಷ್ಟು ಖುಷಿಯಾಗಿದ್ದದ್ದನ್ನು ಅವಳಪ್ಪ ಹೋದ ಮೇಲೆ ನಾನು ನೋಡಿರಲಿಲ್ಲ.

'ಅಮ್ಮಾ, ದೊಡ್ಡಪ್ಪ ಕೊಡ್ಸಿದ್ದು! ನಾನ್ ಥ್ಯಾಂಕ್ಸ್ ಯೇಳಿದೆ. ನೀನೂ ಯೇಳು' ಅಂದಳು.

ಎಲ್ಲರೂ ನನ್ನ ಕಡೆ ನೋಡಿದರು. ಮಗಳು ಮೆಟ್ಟಿಲಿಳಿದು ಬಂದು ನನ್ನ ಸೆರಗು ಹಿಡಿದು ಜಗ್ಗಿದಳು.

'ಥ್ಯಾಂಕ್ಸ್ ಬಾವ' ಅಂದೆ.